ಹತ್ತು ನಿಮಿಷದ ನಂತರ

ಪಾರ್ಸೆಲ್ ಆಫೀಸಿನ ಸಾಲಿನಲ್ಲಿ ನಿಂತ ನನಗೆ ಒಂದೇ ಚಿಂತೆ: ಸರದಿ ಬಂದಾಗ ಗಂಟಲಿನಿಂದ ಮಾತು ಹೊರಡುತ್ತದೋ ಇಲ್ಲವೋ. ನನ್ನ ಮುಂದಿದ್ದ ಇಬ್ಬರ ಮುಖ ನನ್ನಲ್ಲಿದ್ದ ಹಾಡಿನ ಡಿಸ್ಕೊಂದರ ಹೊದಿಕೆಯಿಂದ ಗೊತ್ತಿತ್ತು. ಒಡೆದುಹೋದ, ಗ್ರಂಜ್ ಎಂಬ ಒರಟು ರಾಕ್ ಸಂಗೀತದ ಬ್ಯಾಂಡೊಂದರ ಗಾಯಕ ಮತ್ತು ಡ್ರಮ್ಮರ್. ಅಂಗಡಿಗಳು ಹಿಂದಿರುಗಿಸಿದ್ದ ಅವರ ಕೊನೆಯ ಆಲ್ಬಮ್ಮಿನ ಪೆಟ್ಟಿಗೆಗಳನ್ನು ಬಿಡಿಸಿಕೊಳ್ಳುತ್ತಿದ್ದರು.

“ಒಂದರದೂ ಸೀಲ್ ಒಡೆದಿಲ್ಲ ನೋಡೋ,” ಎಂದ ಗಾಯಕ.

“ಬಿಡು, ಇನ್ನು ಮನೆಗೆ ಕುರ್ಚಿ ತರೋದು ಬೇಡ, ಈ ಪೆಟ್ಟಿಗೆಗಳ ಮೇಲೇ ಕೂರಬಹುದು,” ಎಂದ ಡ್ರಮ್ಮರ್.

“ನನ್ನ ಹಾಡಿಗೆ ಅಳ್ತಿಲ್ಲ ಕಣೋ. ನನ್ನ ತಮ್ಮ ಹಾಡಿದ್ದು ಇದರಲ್ಲಿರೋ ಒಂದೇ ಒಂದು ಹಾಡು. ಅದನ್ನೂ ಯಾರೂ ಕೇಳ್ಲಿಲ್ಲ.”

“ಎಲ್ಲಾ ಹಾಡೂ ಮುಗಿದ ಮೇಲೆ ಹತ್ತು ನಿಮಿಷ ಸದ್ದೇ ಇಲ್ದೆ ಬಿಟ್ಟು, ಅದರ ಹಿಂದೆ ಅವನ ಹಾಡು ಬಚ್ಚಿಟ್ಟೋನು ನೀನೇ ತಾನೆ?”

“ಅವನೇ ಕೇಳ್ಕೊಂಡಿದ್ದು. ನಾಚಿಕೆ ಅವನಿಗೆ. ಕಾದು ಕೂತೋರಿಗೆ ಮಾತ್ರ ಸಿಗ್ಲಿ ಅಣ್ಣಾ ಅಂದ.”

“ಯಾರು ಕಾಯ್ತಾರೋ? ಮುಗೀತು ಅಂತ ಆರಿಸಿ ಎದ್ದು ಹೋಗ್ತಾರೆ.”

“ಸಾಯೋ ಹಿಂದಿನ ದಿನಾನೂ ವಿಚಾರಿಸಿದ, ಯಾರಾದ್ರೂ ಕೇಳಿದ್ರಾ ಅಂತ.”

“ನೀನೇನಂದೆ?”

“ತುಂಬಾ ಜನ ಅಂದೆ. ಸುಳ್ಳು.”

ಪೆಟ್ಟಿಗೆ ಹೊತ್ತು ಅವರು ಬಾಗಿಲು ದಾಟುವಷ್ಟರಲ್ಲಿ ನಾನು ಸಾಲು ಬಿಟ್ಟು ಅವರ ಹಿಂದೆ ಓಡಿದ್ದೆ.

“ಸರ್, ಒಂದ್ಸಲ ಡೈರಿ ಬರೀತಾ ನಿಮ್ಮ ಡಿಸ್ಕ್ ಆರಿಸೋಕೆ ಮರೆತಿದ್ದೆ. ನಿಮ್ಮ ತಮ್ಮನ ಹಾಡು ನಾನು ಕೇಳಿದೀನಿ.”