ಪಾಠದ ಬಗ್ಗೆ ಭಾಗ್ಯಜ್ಯೋತಿಯ ಅಭಿಪ್ರಾಯ

ಸಿಂದಗಿ ನಿಲ್ದಾಣದಲ್ಲಿ ಬಸ್ಸಿನ ದಾರಿ ಕಾಯುತ್ತಿದ್ದ ಕಾಶಿಬಾಯಿಯ ಕಿವಿ, ಪಕ್ಕದ ಇಬ್ಬರು ಕಾಲೇಜು ಹುಡುಗಿಯರ ಮಾತಿಗೆ ಅಂಟಿಕೊಂಡಿತ್ತು. ಅವರಲ್ಲಿ ಭಾಗ್ಯಜ್ಯೋತಿಗೆ ಕಣ್ಣು ಕಾಣುತ್ತಿರಲಿಲ್ಲ.

“ಅವಟಿ ಸರ್ ಹೆಂಗ ಕಲಸ್ತಾರಂತ ಯುನಿವರ್ಸಿಟಿ ವೆಬ್‌ಸೈಟಿನಾಗ ತುಂಬಿದ್ಯೇನ?”

“ನನಗೆಲ್ಲಿ ತುಂಬಾಕ ಬರತೈತಿ? ಓದಿ ಹೇಳೋ ಸಾಫ್ಟ್‌ವೇರ್ ಎಲ್ಲಾ ಉತ್ತರಕ್ಕೂ ಬರೇ ‘ಚಿತ್ರ, ಚಿತ್ರ’ ಅಂತೈತಿ, ಯಾವ್ದು ಏನಂತ ಹೇಳೂದಿಲ್ಲ.”

“ತುಂಬದಿದ್ರ ಹಾಲ್ ಟಿಕೆಟ್ ಕೊಡೂದಿಲ್ಲ!”

“ಯುನಿವರ್ಸಿಟಿಗೆ ಫೋನ್ ಹಚ್ಚಿದ್ದೆ. ಕಣ್ಣಿದ್ದವ್ರ ಕಡೆ ತುಂಬಿಸ್ಕೋ ಅಂದ್ರು. ಅವಟಿ ಸರೇ ತುಂಬಿದ್ರು.”

“ಅವರ ಪಾಠದ ಅಭಿಪ್ರಾಯ ಅವರೇ ತುಂಬಿದ್ರಾ?”

“ಹೂಂ. ‘ಹೆಂಗ ಕಲಸ್ತೇನವಾ?’ ಅಂತ ಮೌಸ್ ಹಿಡಕೊಂಡು ಕೇಳಿದ್ರು.”

“ಬೋರ್ಡ್ ಮ್ಯಾಲ ಕೈ ಮಾಡಿ ‘ಇದು ಏರಿದ್ರ ಇದು ಇಳೀತೈತಿ’ ಅಂತಾರ, ನನಗ ಒಂದೂ ತಿಳಿಯೂದಿಲ್ಲ ಅಂತ ಹೇಳಬೇಕಿತ್ತಿಲ್ಲ?”

“‘ಭಾಳ ಛಲೋರಿ’ ಅಂದೆ.”

ಬಸ್ಸು ಬಂತು. ಗೆಳತಿ ಸಿಟ್ಟಿನಲ್ಲೇ ಅವಳ ಕೈ ಹಿಡಿದೆಬ್ಬಿಸಿದಳು.

“ಮುಂದಿನ ವರ್ಷನೂ ಅವರದೇ ಪಾಠ ಐತಿ,” ಎನ್ನುತ್ತ ಭಾಗ್ಯಜ್ಯೋತಿ ಮೆಟ್ಟಿಲು ಹತ್ತಿದಳು.