ಫೋಟೋದೊಳಗಿನ ಒಂಬತ್ತು ಮಂದಿ

ನನ್ನ ಹೆಸರು ದೊಡ್ಡಬಸಪ್ಪ, ತಂದೆ ಸೂಗಪ್ಪ, ವಯಸ್ಸು ಅರವತ್ಮೂರು, ಉದ್ಯೋಗ ಬಸ್ ಕಂಡಕ್ಟರ್, ಈಗ ನಿವೃತ್ತಿ, ಸಾಕಿನ್ ಮಸ್ಕಿ, ತಾಲೂಕು ಲಿಂಗಸುಗೂರು, ಜಿಲ್ಲಾ ರಾಯಚೂರು. ಹೆಸರಿನಲ್ಲೇ ಬಸ್ ಇದ್ದುದರಿಂದ ಬೇರೆ ಉದ್ಯೋಗ ಸಿಗಲಿಲ್ಲ ಎಂಬ ನನ್ನ ಮಾತನ್ನು ಹವಾಲ್ದಾರ್ ಸಾಹೇಬರು ಬರೆಯುವುದಿಲ್ಲ ಎಂದು ಹೇಳಿ ಬರೆದುಕೊಂಡರು.

ಠಾಣೆಗೆ ಕರೆಸಿ ಕೇಳಿದ್ದಕ್ಕೆ ತಿಳಿಸುವುದೇನೆಂದರೆ, ನನ್ನ ಹೆಂಡತಿ ಹುಸೇನಮ್ಮ ತೀರಿಕೊಂಡು ಬಹಳ ವರ್ಷಗಳಾದವು. ಮಕ್ಕಳಾಗಲಿಲ್ಲ. ನೌಕರಿಯಲ್ಲಿದ್ದಾಗ ದಿನಾ ಮಂದಿಯ ನಡುವೆ ಒಂಟಿ ಕಾಲಲ್ಲಿ ನಿಂತಿರುತ್ತಿದ್ದೆನು. ನಿವೃತ್ತಿಯಾದ ಮೇಲೆ ನಾನು ಕೆಮ್ಮಿದರೆ ನನಗೊಬ್ಬನಿಗೇ ಕೇಳಿಸುತ್ತಿತ್ತು. ಆದ್ದರಿಂದ ಸ್ವಂತ ಮನೆ ಮಾರಿ, ಸಿಂಧನೂರು ಬಸ್ ನಿಲ್ದಾಣದ ಎದುರು ಒಂದು ಖೋಲಿ ಹಿಡಿದು, ಗದ್ದಲದಲ್ಲಿ ಇರಬೇಕೆಂದು ನಿಶ್ಚಯಿಸಿದೆನು.

ಸಿಂಧನೂರಿನಲ್ಲಿ ಫೋಟೋ ಸ್ಟುಡಿಯೋ ಇಟ್ಟಿರುವ ರಾಜೇಸಾಬ್ ನನಗೆ ಪರಿಚಯ. ಹುಡುಗಿಯ ಫೋಟೋ ನೋಡಿ ವರ ಬರುವಂತೆ ಮನೆಯ ಫೋಟೋ ನೋಡಿ ಗಿರಾಕಿ ಬರುತ್ತಾನೆ, ದೊಡ್ಡದು ಮಾಡಿ ಅಂಗಡಿಯ ಗಾಜಿನೊಳಗೆ ತೂಗುಹಾಕುತ್ತೇನೆ ಎಂದು ಅವನು ಹೇಳಿದನು. ದಿನಾಂಕ 8-11-1992, ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ಮಸ್ಕಿಗೆ ಬಂದನು. ಕ್ಯಾಮೆರಾದಲ್ಲಿ ಕಣ್ಣಿಟ್ಟು, ತೆಗೆಯದೆ ಕೆಳಗಿಳಿಸಿದನು.

“ಕಂಡಕ್ಟರ್ ಸಾಬ್, ಖಾಲಿ ಮನಿ ಫೋಟೋದಾಗ ದೆವ್ವದ ಮನಿ ಕಂಡಂಗ ಕಾಣ್ತೈತ್ರಿ. ಬಾಗಿಲ್ದಾಗ ನಾಕು ಮಂದಿ ಬೇಕ್ರಿ,” ಎಂದನು.

ನಾನು ಓಣಿಯಲ್ಲಿ ನಿಂತು, “ಸೀಟು ಖಾಲಿ ಅದಾವ, ಹತ್ರಿ, ಹತ್ರಿ!” ಎಂದು ಕೂಗಿದೆನು. ಎದುರುಮನೆಯ ಅಮರಮ್ಮ, ಆಕೆಯ ಗಂಡ, ನಾಲ್ಕು ಮಕ್ಕಳು, ಹಿಂದಿನ ಮನೆಯ ಆದಮ್ಮ, ಆಕೆಯ ಮಗ, ಸೊಸೆ ಬಂದರು. ಅಮರಮ್ಮ ಕಟ್ಟೆಯ ಮೇಲೆ ಜೋಳದ ಮೊರ ಹಿಡಿದು ಕೂತಳು. ಆಕೆಯ ಗಂಡ ಪೇಪರ್ ಓದುವಂತೆ ಕೂತನು, ಪೇಪರ್ ತಲೆಕೆಳಗಿತ್ತು. ಅವರ ಚಿಕ್ಕ ಮಗಳು ಗಿರಿಜಾ ನನ್ನ ತೊಡೆಯ ಮೇಲೆ ಕೂತು, “ತಾತ, ಉಸುರು ಹಿಡೀಲೇನು?” ಎಂದಿತು. ಹಿಡಿ ಎಂದೆನು. ಫೋಟೋ ತೆಗೆದ ಮೇಲೆ ಬಿಡು ಎಂದು ಹೇಳುವುದನ್ನು ಮರೆತೆನು.

ಎಲ್ಲರಿಗೆಂದು ಚಹಾಕ್ಕೆ ಇಟ್ಟಿದ್ದೆನು. ಕುದಿಯುವಷ್ಟರಲ್ಲಿ ಎಲ್ಲರೂ ತಮ್ಮ ತಮ್ಮ ಮನೆಗೆ ಹೋಗಿದ್ದರು.

ಫೋಟೋದ ಕೆಳಗೆ ‘ಮನೆ ಮಾರುವುದಿದೆ’ ಎಂದು ಬರೆದು ಗಾಜಿನೊಳಗೆ ಹಾಕಿದರು. ಅದನ್ನು ನೋಡಲು ನಾನು ಆಗಾಗ ಬಸ್ಸಿನಲ್ಲಿ ಸಿಂಧನೂರಿಗೆ ಹೋಗುತ್ತಿದ್ದೆನು. ಬೇರೆ ಕೆಲಸವಿರಲಿಲ್ಲ.

ದಿನಾಂಕ 22-11-1992 ರಂದು ಸಿಂಧನೂರಿನ ಭತ್ತದ ವ್ಯಾಪಾರಿ ಅಮೀನ್‌ಸಾಬ್, ಹೆಂಡತಿ ಶಾಕೀರಾ ಜೊತೆ ಮನೆ ನೋಡಲು ಬಂದರು. ಇಬ್ಬರಿಗೂ ಮನೆ ಒಪ್ಪಿಗೆಯಾಯಿತು.

“ಯಜಮಾನ್ರ, ಫೋಟೋದಾಗ ಮನಿ ತುಂಬ ಮಂದಿ ಅದಾರ. ಎಲ್ಲಾರೂ ಎಲ್ಲಿ ಹೋಗ್ಯಾರ?” ಎಂದು ಅಮೀನ್‌ಸಾಬ್ ಕೇಳಿದರು.

ಯಾರೂ ಇಲ್ಲ ಎನ್ನಲು ಬಾಯಿ ತೆರೆದೆನು. ಹೊರಗೆ ಬಂದದ್ದು ಬೇರೆ. “ಮಗ ಹಟ್ಟಿ ಗಣಿಗೆ ಹೋಗ್ಯಾನ್ರಿ. ಬಂಗಾರದಂಥಾ ಮಗ, ಬಂಗಾರ ತೆಗಿಯಾಕ ಹೋಗ್ಯಾನ. ಸೊಸಿ ಹಡಿಯಾಕ ಗುರುಗುಂಟಾಕ್ಕ, ತವರಿಗೆ ಹೋಗ್ಯಾಳ,” ಎಂದೆನು. ಎಷ್ಟು ತಿಂಗಳು ಎಂದು ಶಾಕೀರಾ ಕೇಳಿದರು. ಏಳು ಎಂದೆನು. ಜೋಪಾನ ಮಾಡಿರಿ ಎಂದರು. ಆಗಲಿ ಎಂದೆನು. ಅವರು ಎರಡು ಸಲ ಚಹಾ ಕುಡಿದರು.

ಹೊರಡುವಾಗ ಅಮೀನ್‌ಸಾಬ್, “ಖರೀದಿಗೆ ಎಲ್ಲಾರ ಸಹಿ ಬೇಕ್ರಿ. ನಾಳೆ ನಿಮ್ಮ ಮಗ ಬಂದು ನಂದೂ ಪಾಲೈತಿ ಅಂದ್ರ ನಾ ಎಲ್ಲಿ ಹೋಗ್ಲಿ?” ಎಂದರು. ಕರೆಸುತ್ತೇನೆ ಎಂದೆನು. ನಾನು ಕರೆಸದಿದ್ದಾಗ ಅವರೇ ಹಟ್ಟಿಗೂ ಗುರುಗುಂಟಾಕ್ಕೂ ಹೋಗಿ ವಿಚಾರಿಸಿದರು. ಅಂಥವರು ಯಾರೂ ಸಿಗದ ಕಾರಣ, ನಾನು ಪಾಲುದಾರರನ್ನು ಮುಚ್ಚಿಟ್ಟು ಮನೆ ಮಾರುತ್ತಿದ್ದೇನೆಂದು, ಅಥವಾ ಅವರಿಗೇನೋ ಆಗಿದೆಯೆಂದು ದೂರು ಕೊಟ್ಟರು.

ಈ ದಿನ ಸಾಹೇಬರು ಫೋಟೋವನ್ನು ಮೇಜಿನ ಮೇಲಿಟ್ಟು, ಒಬ್ಬೊಬ್ಬರ ಮೇಲೆ ಬೆರಳಿಟ್ಟು, ಇವರು ನಿನಗೆ ಏನಾಗಬೇಕು ಎಂದು ಕೇಳಿದರು. ಒಂಬತ್ತು ಸಲವೂ ಏನೂ ಆಗಬೇಕಿಲ್ಲ ಎಂದು ಹೇಳಿದೆನು. ಗಿರಿಜಾಳ ಮೇಲೆ ಬೆರಳು ಬಂದಾಗ, ಮುಖ ಮುಚ್ಚುತ್ತದೆ, ಬೆರಳು ಸ್ವಲ್ಪ ಸರಿಸಿರಿ ಎಂದೆನು, ಆಮೇಲೆ ಹೇಳಿದೆನು.

ಅಲ್ಲೇ ಇದ್ದ ಅಮೀನ್‌ಸಾಬ್, “ಒಬ್ನ ಅದೀನಿ ಅಂದಿದ್ರ ಅವತ್ತೇ ಮಾತು ಮುಗಿಸ್ತಿದ್ನಲ್ರೀ!” ಎಂದರು.

“ಅದಕ್ಕ ಅನ್ಲಿಲ್ರಿ. ಮುಗಿಸಿ ಎದ್ದು ಹೋಗಿಬಿಡ್ತಿದ್ರಿ,” ಎಂದೆನು. ಅವರು ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡರು. ದೂರು ಮುಂದುವರಿಸುವುದಿಲ್ಲ ಎಂದರು.

ಮನೆಯನ್ನು ಅವರಿಗೇ ಕೊಡುತ್ತೇನೆ. ನನ್ನ ಒಂದೇ ಸಹಿ ಸಾಕು. ಜಪ್ತಿ ಮಾಡಿದ ಫೋಟೋವನ್ನು ಮಾತ್ರ ನನಗೆ ವಾಪಸ್ ಕೊಡಬೇಕು, ಖೋಲಿಯಲ್ಲಿ ಹಾಕಿಕೊಳ್ಳುತ್ತೇನೆ.

ವಿಚಾರಣೆಗೆಂದು ಕರೆಸಿದ ಒಂಬತ್ತೂ ಮಂದಿ ಠಾಣೆಯ ಹೊರಗೆ, ಕಿಟಕಿಯ ಪಕ್ಕದ ಬೇವಿನ ಗಿಡದ ಕೆಳಗೆ ಕೂತಿದ್ದಾರೆ. ಅಮರಮ್ಮ ನನಗೆ ರೊಟ್ಟಿ ಕಟ್ಟಿಕೊಂಡು ಬಂದಿದ್ದಾಳೆ. ಆದ್ದರಿಂದ ಈ ಹೇಳಿಕೆಯನ್ನು ನನಗೆ ಓದಿ ಹೇಳುವಾಗ ‘ಏನೂ ಆಗಬೇಕಿಲ್ಲ’ ಎಂಬಲ್ಲಿ ಮೆಲ್ಲಗೆ ಓದಬೇಕೆಂದು ಕೇಳಿಕೊಂಡೆನು. ಹವಾಲ್ದಾರ್ ಸಾಹೇಬರು ಮೆಲ್ಲಗೆ ಓದಿದರು. ಕೇಳಿದೆನು. ನಾನು ಹೇಳಿದಂತೆಯೇ ಇದೆ, ನಿಜವೇ ಇದೆ.

ಸ್ಥಳ: ಮಸ್ಕಿ
ದಿನಾಂಕ: 30-11-1992
ಸಹಿ: ದೊಡ್ಡಬಸಪ್ಪ