ಉಪಾಸದ ಗಿಳಿ

ಅವನ್ನ ಬೈದು ಏನ್ ಮಾಡ್ತೀಯವ್ವಾ ಸುಜಾತಾ, ಟೈಲ್ಸ್ ಹಾಕಾವ ಬಾಗಿಲ ಕಡಿಂದ ಸುರು ಮಾಡಿದ, ಆ ಕಡಿ ಮೂಲಿಗೆ ಹೋಗೂದ್ರಾಗ ಜಾಗ ಮುಗೀತು, ಅರ್ಧ ಹೂ ಕಡದು ಹಚ್ಚಿದ. ದೇವರ ಕೋಣಿ ಗೋಡಿ ಮ್ಯಾಲ ಅರ್ಧ ಹೂ ಐತಿ ಅಂತ ನಿಂಗ ಸಿಟ್ಟು. ನಂಗ ಸಿಟ್ಟೂ ಬರಂಗಿಲ್ಲ ಈಗ, ಸಿಟ್ಟು ಮಾಡಾಕೂ ಮೈಯಾಗ ಕಸುವು ಬೇಕಲ್ಲ. ಕುಂದರು ಇಲ್ಲಿ ಕಟ್ಟಿ ಮ್ಯಾಲ, ನಿಮ್ಮ ತಮ್ಮನ್ನೂ ಕರಿ. ಮೊದ್ಲ ಎರಡೂ ಮೂಲಿ ಹಿಡೀಬೇಕು ಅಂತ ನಮ್ಮ ಮಾವ, ನಿಮ್ಮಜ್ಜನ ಅಪ್ಪ, ಹೇಳ್ತಿದ್ದ. ಹೇಳ್ತಿದ್ರು ಅನ್ಬೇಕು, ನಮ್ಮತ್ತಿ ಇದ್ದಿದ್ರ ಈಗ ನನ್ನ ಬಾಯಿಗೆ ಕೊಡ್ತಿದ್ಲು.

ಮಾವ ಗಚ್ಚಿನ ಕೆಲ್ಸದವ್ರು. ಸುಣ್ಣ, ಮರಳು, ಬೆಲ್ಲದ ನೀರು ಹಾಕಿ ಅರದ ಗಚ್ಚಿನಾಗ ಗುಡಿ ಗೋಡಿಗೆ ಹೂವಿನ ಪಟ್ಟಿ ಮಾಡೋರು. ಗಚ್ಚು ಅರಿಯಾಕಿ ನಾನು, ನನ್ನ ಅಂಗೈ ನೋಡು, ಸುಣ್ಣ ತಿಂದ ಕೈ ಇದು. ಒಂದು ಮೊಳಿ, ಒಂದು ದಾರ, ಒಂದು ಬಿದಿರ ಕಡ್ಡಿ, ಅಷ್ಟ ಅವರ ಸಾಮಾನು. ಮೊಳಿ ಊರಿ ದಾರ ತಿರುವಿದ್ರ ದುಂಡು ಬಂತು. ಅದ ದಾರ ದುಂಡಿನ ಅಂಚಿಗೆ ಇಟ್ಕೊಂತ ಹೋದ್ರ ಆರು ಸಲಕ್ಕ ಸುರು ಮಾಡಿದ ಜಾಗಕ್ಕ ಬಂದು ಕೂಡ್ತಿತ್ತು, ಆರು ಎಸಳು. "ಯಾಕ ಕೂಡ್ತೈತ್ರಿ ಮಾವಾ?" ಅಂದ್ರ, "ದಾರಕ್ಕ ಗೊತ್ತೈತಿ, ನಿಂಗ್ಯಾಕ, ಗಚ್ಚು ಅರಿ" ಅಂತಿದ್ರು. ಮೂಲಿಗೊಂದು ಇಡೀ ಹೂ ಇಟ್ಟು, ಎರಡೂ ಕಡಿಂದ ನಡುವಕ್ಕ ಬರೋರು. ನಡುವ ಒಂದು ಜೋಡಿ ಗಿಳಿ, ಎದರಾಬದರ. ಒಂದು ಗುಡ್ಯಾಗ ಗಿಳಿ ದಪ್ಪ, ಇನ್ನೊಂದು ಗುಡ್ಯಾಗ ಸಣ್ಣ. ಬೆಳಿ ಬಂದ ವರ್ಸ ಮುದುಕ ದಪ್ಪ ಗಿಳಿ ಮಾಡ್ತಾನ ಅಂತ ಮಂದಿ ನಗ್ತಿದ್ರು. ನಾನೂ ಹಂಗ ಅನ್ಕೊಂಡಿದ್ದೆ, ಮುದುಕರ ಲಹರಿ ಅಂತ.

ಆ ವರ್ಸ ಕೃಷ್ಣಾ ಹೊಳಿ ಕಡಿ ಒಂದೂರಾಗ ಕುರುಬರು ಬೀರಪ್ಪನ ಗುಡಿ ಕಟ್ಟಿಸಿದ್ರು. ಪಟ್ಟಿ ಕೆಲ್ಸ ಮುಗಿಸಿದ್ರ ವರ್ಸದ ಜ್ವಾಳ ಕೊಡ್ತೀವಿ ಅಂದಿದ್ರು. ನಿಮ್ಮಜ್ಜ ಪುಣೆ ಕಡಿ ಕಾಲುವಿ ಕಡ್ಯಾಕ ಹೋಗಿದ್ರು, ಸುದ್ದೀನೂ ಇಲ್ಲ ರೊಕ್ಕಾನೂ ಇಲ್ಲ. ನಿಮ್ಮಪ್ಪ ನನ್ನ ಕಂಕಳಾಗ. ಗುಡಿ ಹಿಂದಿನ ಚಪ್ಪರದಾಗ ನಮ್ಮ ಸಂಸಾರ. ಎರಡೂ ಕಡಿಂದ ಹೂ ಬಂದ್ವು, ನಡುವಿಂದು ಅಷ್ಟ ಬಾಕಿ ಇತ್ತು, ಮುಂಜಾನಿ ಎದ್ದು ನೋಡ್ತೀನಿ, ಮಾವಗ ಲಕ್ವಾ ಹೊಡದೈತಿ. ಬಾಯಿ ಒಂದು ಕಡಿ ಹೋತು, ಬಲಗೈ ಮುಷ್ಟಿ ಆಗಿ ಕುಂತುಬಿಟ್ತು. ಎಣ್ಣಿ ಹಚ್ಚಿ ಒಂದೊಂದ ಬೆರಳು ಬಿಡಿಸ್ತಿದ್ದೆ, ಬಿಟ್ಟ ಕೂಡ್ಲೆ ಮತ್ತ ಮುಚ್ಕೊಂತಿತ್ತು. ಭಾಳ ಅತ್ತೆ ನಾನು ಆವಾಗ. ಈಗ ಹೇಳಾಕ ಸುಲಭ ಐತಿ.

ಊರ ಪಟೇಲರು ಬಂದ್ರು. ಕೆಟ್ಟ ಮನಷ್ಯಾ ಅಲ್ಲ ಅವ್ರು. "ತಂಗಿ, ಏನು ಮಾಡಾಕ ಬರ್ತೈತಿ, ದೇವರನ್ನ ಕುಂದ್ರಸೋ ದಿನ ಹತ್ರ ಬಂತು" ಅಂತ ಗದ್ವಾಲಿಂದ ಅಚ್ಚಿನವನ್ನ ಕರಿಸಿದ್ರು. ಅಚ್ಚಿನವ ಅಂದ್ರ, ಸಿಮೆಂಟಿನಾಗ ಹೂ ಎರಕ ಹೊಯ್ದು ತಂದು ಅಂಟಿಸಾವ. ಅವ ಗೋಡಿ ನೋಡಿ ತೆಲುಗಿನಾಗ "ಇದಂತಾ ಗೀಕಿ ಕೊತ್ತದಿ ಪೆಡ್ತಾನು" ಅಂದ. ಎಲ್ಲಾ ಕೆರದು ಹೊಸಾದು ಇಡ್ತೀನಿ ಅಂತ. ಮುದುಕ ಒಳಗ ಮಲಗಿ ಕೇಳಾಕತ್ತಾನ ಅನ್ನೋ ಖಬರ್ ಇಲ್ಲ ಅವಂಗ. ಮಾವನ ಕಣ್ಣಾಗ ನೀರು ಇಳೀತು, ಒಂದ ಕಣ್ಣಾಗ. ಕೆರದ್ರ ಜ್ವಾಳ ಅವಂಗ ಹೋಗ್ತಿತ್ತು, ಅದು ಒಂದು. ಆದ್ರ ಮುದುಕರ ಕೈ ಹೋಗಿತ್ತು, ಉಳದಿದ್ದು ಆ ಗೋಡಿ ಒಂದ. ಅದನ್ನೂ ಕೆರೀತಾರಂದ್ರ ಅವ್ರು ಯಾಕ ಬದುಕ್ತಾರ? ನಾನು ಸೆರಗು ಸಿಗಸ್ಕೊಂಡು ಹೊರಗ ಬಂದೆ. "ಪಟೇಲರ, ನಡುವಿಂದು ನಾ ಮಾಡ್ತೀನ್ರಿ. ಸಂತಿ ಆಗೂತನ ತಡೀರಿ. ಆಗ್ಲಿಲ್ಲ ಅಂದ್ರ ಕೆರಸ್ರಿ." ಅಚ್ಚಿನವ ನಕ್ಕ. ಪಟೇಲರು ಗೋಡಿ ನೋಡಿದ್ರು, ನನ್ನ ನೋಡಿದ್ರು, "ಆತು" ಅಂದ್ರು. ಹಂಗ ಅಂದಿದ್ದ ದೊಡ್ಡದು.

ಮಾಡ್ತೀನಿ ಅಂತ ಅಂದೆ ಖರೆ, ಹೂ ಇಟ್ರ ಒಂದು ಕುಂತು ಇನ್ನರ್ಧ ಹೂವಿನ ಜಾಗ ಉಳೀತಿತ್ತು. ಗಿಳಿ ಮಾಡೂಣಂದ್ರ ಜೋಡಿ ಗಿಳಿಗೆ ಇಕ್ಕಟ್ಟು. ಏನ್ ಮಾಡಿದೆ, ಇಡೀ ಗಿಳೀನ ಸಣ್ಣದು ಮಾಡಿದೆ, ತಲಿ ಸಣ್ಣದು, ಕೊಕ್ಕು ಸಣ್ಣದು, ಎಲ್ಲಾ ಸಣ್ಣದು. ನೀರಿಗೆ ಬಂದ ಹೆಣ್ಮಕ್ಕಳು ನಿಂತು, "ಏನಬೇ, ಗುಬ್ಬಿ ಮಾಡೀಯಲ್ಲ" ಅಂದ್ರು. ಮಾವನ್ನ ಮಂಚದ ಸಮೇತ ಹೊರಗ ತಂದು ತೋರಿಸಿದ್ರ ಮಕ ಆ ಕಡಿ ತಿರುಗಿಸಿದ್ರು. ಹಸಿ ಇತ್ತು, ಕಿತ್ತು ಹಾಕಿದೆ. ಆ ದಿನ ಗಂಜಿ ಕುಡ್ಯಾಕೂ ಮನಸಾಗ್ಲಿಲ್ಲ. ಗಂಜಿ ಇತ್ತೋ ಇಲ್ಲೋ, ಅದೂ ನೆನಪಿಲ್ಲ, ಬಿಡು.

ಮರುದಿನ ಮಾವನ ಬಿದಿರ ಕಡ್ಡಿ ತಗೊಂಡು, ನಿಮ್ಮಪ್ಪನ್ನ ಬೆನ್ನಿಗೆ ಕಟ್ಕೊಂಡು, ಮಕ್ತಲ್ ಕಡಿ ಎರಡು ಗುಡಿ ಇದ್ವಲ್ಲ ಅವರು ಮಾಡಿದ್ವು, ಅಲ್ಲಿಗೆ ನಡದೆ. ಬಿಸಲು ಅಂದ್ರ ಬಿಸಲು. ದಪ್ಪ ಗಿಳಿ ಗುಡಿಗೆ ಮೊದ್ಲ ಹೋದೆ, ಅಲ್ಲ ಅಲ್ಲ, ಸಣ್ಣ ಗಿಳೀದಕ್ಕ ಮೊದ್ಲ. ಹೂವಿಗೆ ಕಡ್ಡಿ ಹಿಡದೆ, ಸರಿ ಕೂಡ್ತು. ಇನ್ನೊಂದು ಗುಡಿ ಹೂವಿಗೂ ಹಿಡದೆ, ಅದೂ ಸರಿ. ಕಡ್ಡಿ ಒಂದ, ಹೂ ಒಂದ, ಗೋಡಿ ಮಾತ್ರ ಒಂದು ಉದ್ದ ಒಂದು ಗಿಡ್ಡ. ಇನ್ನೊಂದು ಹೂವಿಗೆ ಸಾಲದ ಜಾಗ, ಹೂ ಮುಗದು ಉಳದ ಜಾಗ, ಎಲ್ಲಾ ಗಿಳಿ ಪಾಲಿಗೆ. ಬೆಳಿಗೂ ಗಿಳಿಗೂ ಸಂಬಂಧ ಇದ್ದಿದ್ದಿಲ್ಲ. ಅಷ್ಟು ವರ್ಸ ಗಚ್ಚು ಅರದ್ರೂ ನಂಗ ಗೊತ್ತಾಗಿದ್ದಿಲ್ಲ ನೋಡು. ಆಮ್ಯಾಲ ಗಿಳಿ ತಲಿಗೆ ಕಡ್ಡಿ ಹಿಡದೆ. ದಪ್ಪ ಗಿಳಿ ತಲಿ ಎಷ್ಟೋ, ಸಣ್ಣ ಗಿಳಿ ತಲೀನೂ ಅಷ್ಟ. ಕೊಕ್ಕೂ ಅಷ್ಟ. ಸಣ್ಣದರ ಹೊಟ್ಟಿ ಮಾತ್ರ ಒಳಗ ಹೋಗೈತಿ. ಅಲ್ಲೇ ಗುಡಿ ಮೆಟ್ಟಲ ಮ್ಯಾಲ ಕುಂತುಬಿಟ್ಟೆ. ಪೂಜಾರಿ ಹೆಂಡ್ತಿ ಪಾಪ, ಬಿಸಲು ಹತ್ತೈತಿ ಅನ್ಕೊಂಡು ಮಜ್ಜಿಗಿ ಕೊಟ್ಲು.

ಬಂದು ಮಾಡಿದೆ. ತಲಿ ಅಳತಿ ಬಿಡಲಿಲ್ಲ, ಕೊಕ್ಕು ಬಿಡಲಿಲ್ಲ, ಹೊಟ್ಟಿ ಒಳಗ ಎಳದೆ, ಬಾಲ ನೆಟ್ಟಗ ಕೆಳಗ ಬಿಟ್ಟೆ. ಸಂತಿ ದಿನ ಪಟೇಲರು ಬಂದು ನೋಡಿ, "ಏನಬೇ ತಂಗಿ, ಗಿಳಿ ಉಪಾಸ ಇದ್ದಂಗ ಐತಲ್ಲ" ಅಂದ್ರು. "ಹೌದ್ರಿ, ನಮ್ಮನ್ಯಾಗಿಂದ ಬಂದದ್ರಿ ಅದು" ಅಂದೆ. ಅವ್ರು ನಗಲಿಲ್ಲ, ತಲಿ ತಗ್ಗಿಸಿ ಆಳನ್ನ ಕರದು ಜ್ವಾಳ ಅಳ್ಯಾಕ ಹೇಳಿದ್ರು. ಅಚ್ಚಿನವ ತನ್ನ ಹೂ ಗೋಣಿಚೀಲದಾಗ ತುಂಬ್ಕೊಂಡು ಹೋದ. ಮಾವನ್ನ ಹೊರಗ ತಂದೆ. ಭಾಳ ಹೊತ್ತು ನೋಡಿದ್ರು. ಲಕ್ವಾ ಹೊಡದ ಮ್ಯಾಲ ಒಂದು ಮಾತಾಡಿದ್ದಿಲ್ಲ ಅವ್ರು. ಬಾಯಿ ತಿರುವಿ ತಿರುವಿ ಅಂದ್ರು, "ತಲಿ... ಐತಿ." ಅಷ್ಟ. ಉಗಾದಿ ನೋಡಲಿಲ್ಲ, ಹೋದ್ರು. ನಿಮ್ಮಜ್ಜ ಬರೂದ್ರಾಗ ಮಣ್ಣೂ ಆಗಿತ್ತು.

ಆ ಜ್ವಾಳ ಏನು, ವರ್ಸ ತುಂಬಲಿಲ್ಲ. ಮತ್ತ ಕೂಲಿ, ಮತ್ತ ಗಂಜಿ, ಎಷ್ಟಂತ ಹೇಳ್ಲಿ, ಹೇಳಿ ಹೇಳಿ ನಂಗೂ ಸಾಕಾಗೈತಿ. ಆದ್ರ ಒಬ್ರ ಬಾಗಿಲಿಗೆ ಹೋಗಿ ತಲಿ ತಗ್ಗಿಸ್ಲಿಲ್ಲ ನಾನು. ಕಡಿಮಿ ಬೀಳೂದು ಎಲ್ಲಾರಿಗೂ ಬೀಳ್ತೈತಿ ಯವ್ವಾ. ಬಿದ್ರ ಹೊಟ್ಟ್ಯಾಗ ಕಡಿಮಿ ಮಾಡ್ಕೋರಿ, ತಲ್ಯಾಗ ಬ್ಯಾಡ. ಏಳ್ರಿ, ರೊಟ್ಟಿ ಆರಾಕತ್ತಾವ.